ಊರ ಹೆಸರು ಬೈಗುಳವಾದ ಮೇಲೆ

ಬೈಯುವುದಕ್ಕೂ ಒಂದು ಯೋಗ್ಯತೆ ಬೇಕು. ಯಾರನ್ನು ಬೈಯುತ್ತಿದ್ದೇವೆ, ಯಾಕೆ ಬೈಯುತ್ತಿದ್ದೇವೆ ಅನ್ನುವುದಾದರೂ ಬೈಯುವವನಿಗೆ ಗೊತ್ತಿರಬೇಕು. ಕಸ ಎತ್ತುವವರಿಗೆ ಎರಡು ತಿಂಗಳಿಂದ ಸಂಬಳ ಆಗಿಲ್ಲವಂತೆ, ವಿಚಾರಿಸೋಣವೇ ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಕೇಳಲಿ. ಕಾಫಿ ಆರುವಷ್ಟರಲ್ಲಿ ಉತ್ತರ ಬಂದಿರುತ್ತದೆ: ‘ಏನ್ ಸಾರ್, ನಕ್ಸಲ್ ಆಗ್ಬಿಟ್ರಾ?’ ಪಕ್ಕದಲ್ಲಿ ನಗುವ ಮುಖದ ಎರಡು ಚಿತ್ರ. ಅಣೆಕಟ್ಟು ಬೇಡ ಅಂದವನು ನಕ್ಸಲ, ಕಾಡಿನಲ್ಲಿ ಹುಟ್ಟಿ ಬೆಳೆದವನು ಕಾಡು ಬಿಡುವುದಿಲ್ಲ ಅಂದರೆ ನಕ್ಸಲ, ಪರೀಕ್ಷೆ ಮುಂದೂಡಿ ಎಂದು ಧರಣಿ ಕೂತ ವಿದ್ಯಾರ್ಥಿ ನಕ್ಸಲ. ಹೀಗೆ ಬೈಯುವ ನೂರು ಜನರನ್ನು ನಿಲ್ಲಿಸಿ, ನಕ್ಸಲ್‌ಬಾರಿ ಎಲ್ಲಿದೆ, ಅಲ್ಲಿ ನಡೆದದ್ದೇನು ಎಂದು ಕೇಳಿ ನೋಡಿ. ಆಂಧ್ರ ಅನ್ನುವವರು ಸಿಗುತ್ತಾರೆ, ಛತ್ತೀಸಗಡ ಅನ್ನುವವರು ಸಿಗುತ್ತಾರೆ, ಅದೊಂದು ಊರೇ ಎಂದು ಕಣ್ಣರಳಿಸುವವರೂ ಸಿಗುತ್ತಾರೆ. ಪಾಪ, ಅನಕ್ಷರಸ್ಥರಲ್ಲ ಇವರು. ಪದವಿ ಇದ್ದವರು, ಮನೆಗೆ ಎರಡು ಪತ್ರಿಕೆ ತರಿಸುವವರು.

ಊರು ಇದೆ. ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲೆ, ಸಿಲಿಗುರಿಗೆ ಹತ್ತಿರ, ನೇಪಾಳದ ಗಡಿಯಾದ ಮೇಚಿ ನದಿಗೂ ಹತ್ತಿರ. ಅಲ್ಲಿಗೆ ರೈಲು ಹೋಗುತ್ತದೆ, ಪ್ಲಾಟ್‌ಫಾರ್ಮಿನ ಫಲಕದ ಮೇಲೆ ಊರ ಹೆಸರು ಎಲ್ಲ ಊರುಗಳ ಹಾಗೇ ಇದೆ. ಒಂದು ಕಡೆ ಚಹಾ ತೋಟ, ಇನ್ನೊಂದು ಕಡೆ ಭತ್ತದ ಗದ್ದೆ. ಸುತ್ತಲಿನ ಹಳ್ಳಿಗಳಿಗೆ ಪ್ರಸಾದುಜೋತ್, ಬೆಂಗಾಯಿಜೋತ್, ಸೆಫ್ತುಲ್ಲಾಜೋತ್ ಎಂದೆಲ್ಲ ಹೆಸರು. ಜೋತ್ ಅಂದರೆ ಜಮೀನಿನ ಹಿಡುವಳಿ. ಹಿಡುವಳಿ ಇದ್ದವನು ಜೋತೆದಾರ. ಹಳ್ಳಿಯ ಹೆಸರಿನಲ್ಲೇ ಭೂಮಾಲೀಕನ ಗುರುತು ಕೂತಿರುವ ಸೀಮೆ ಅದು. ಗದ್ದೆಗೆ ಇಳಿಯುತ್ತಿದ್ದವರು ರಾಜವಂಶಿಗಳು, ಸಂತಾಲರು, ಒರಾಂವರು. ಇವರು ಅಧಿಯಾರರು. ನಮ್ಮ ಹಳೇ ಮೈಸೂರಿನಲ್ಲಿ ವಾರಕ್ಕೆ ಮಾಡುವುದು ಅನ್ನುತ್ತಾರಲ್ಲ, ಅದೇ. ಬೆವರೆಲ್ಲ ಇವರದು, ಬೆಳೆಯಲ್ಲಿ ಅರ್ಧ ಜೋತೆದಾರನದು. ಬೀಜಕ್ಕೆ, ಎತ್ತಿಗೆ, ಹಬ್ಬಕ್ಕೆ ಕೊಟ್ಟ ಸಾಲದ ಬಡ್ಡಿ ಕಳೆದ ಮೇಲೆ ಉಳಿದ ಅರ್ಧದಲ್ಲಿ ಎಷ್ಟು ಉಳಿಯುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಮೂರರಲ್ಲಿ ಎರಡು ಪಾಲು ನಮಗೆ ಬೇಕು ಎಂದು 1946–47ರಲ್ಲೇ ಬಂಗಾಳದ ಗೇಣಿದಾರರು ತೇಭಾಗಾ ಚಳವಳಿ ಹೂಡಿದ್ದರು. ಆ ಚಳವಳಿಯಲ್ಲಿ ಪಳಗಿದವರು ಸಿಲಿಗುರಿಯ ಚಾರು ಮಜುಂದಾರ್.

ಕಾನೂನು ಇರಲಿಲ್ಲವೇ? ಇತ್ತು. 1953ರಲ್ಲೇ ಬಂಗಾಳದ ವಿಧಾನಸಭೆ ಜಮೀನಿಗೆ ಮಿತಿ ಹಾಕಿತ್ತು. ಹೆಚ್ಚಿನದನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು ಇಲ್ಲದವರಿಗೆ ಹಂಚಬೇಕಿತ್ತು. ಜೋತೆದಾರರು ಹೆಂಡತಿಯ ಹೆಸರಿಗೆ, ಭಾವಮೈದುನನ ಹೆಸರಿಗೆ ಬರೆದಿಟ್ಟರು. ಕಂದಾಯದ ಗುಮಾಸ್ತರು ಕಣ್ಣು ಮುಚ್ಚಿಕೊಂಡರು. 1967ರಲ್ಲಿ ಬಿಗುಲ್ ಕಿಸಾನ್ ಎಂಬ ಅಧಿಯಾರನೊಬ್ಬ ಕೋರ್ಟಿಗೆ ಹೋಗಿ ತನ್ನ ಪರವಾಗಿ ಆದೇಶ ತಂದ. ಆದೇಶ ಹಿಡಿದು ಹೊಲಕ್ಕೆ ಬಂದವನನ್ನು ಜೋತೆದಾರನ ಕಡೆಯವರು ಹೊಡೆದು ಓಡಿಸಿದರು. ಈ ಒಂದು ಪ್ರಸಂಗದ ಮೇಲೆ ನಮ್ಮ ಕಾನೂನು ಪಂಡಿತರು ಸ್ವಲ್ಪ ಹೊತ್ತು ಕೂತು ಯೋಚಿಸಬೇಕು. ಆತ ಮೊದಲು ಹಿಡಿದದ್ದು ಬಿಲ್ಲನ್ನಲ್ಲ, ಕೋರ್ಟಿನ ಕಾಗದವನ್ನು.

ಆ ವರ್ಷದ ಮಾರ್ಚಿನಲ್ಲಿ ಕಲ್ಕತ್ತೆಯಲ್ಲಿ ಅಜಯ್ ಮುಖರ್ಜಿ ಮುಖ್ಯಮಂತ್ರಿಯಾಗಿ ಸಂಯುಕ್ತ ರಂಗ ಅಧಿಕಾರಕ್ಕೆ ಬಂದಿತ್ತು. ಸಿಪಿಎಂ ಅದರಲ್ಲಿ ದೊಡ್ಡ ಪಾಲುದಾರ. ಜ್ಯೋತಿ ಬಸು ಉಪಮುಖ್ಯಮಂತ್ರಿ, ರೈತ ನಾಯಕ ಹರೇಕೃಷ್ಣ ಕೋನಾರ್ ಭೂಕಂದಾಯ ಮಂತ್ರಿ. ಅಂದರೆ ಉಳುವವನಿಗೆ ಭೂಮಿ ಎಂದು ಜೀವಮಾನವಿಡೀ ಕೂಗಿದವರೇ ಕುರ್ಚಿಯಲ್ಲಿ ಕೂತಿದ್ದರು. ನಕ್ಸಲ್‌ಬಾರಿ, ಖಡಿಬಾರಿ, ಫಾನ್ಸಿದೇವಾ ಎಂಬ ಮೂರು ಠಾಣೆಗಳ ವ್ಯಾಪ್ತಿಯಲ್ಲಿ ರೈತಸಭೆಯವರು ಇನ್ನು ಕಾಯುವುದಿಲ್ಲ ಎಂದರು. ಕಾನು ಸನ್ಯಾಲ್, ಜಂಗಲ್ ಸಂತಾಲ್ ಮುಂದಾಳುಗಳು. ಜೋತೆದಾರರ ಗದ್ದೆಗೆ ಬಾವುಟ ನೆಟ್ಟರು, ಕಣಜ ಒಡೆದು ಭತ್ತ ಹಂಚಿದರು, ಸಾಲದ ಪತ್ರ ಸುಟ್ಟರು.

ಇನ್ನು ಎರಡು ತಾರೀಖು. ಮೇ 24ರಂದು ಮುಖಂಡರನ್ನು ಹಿಡಿಯಲು ಹಳ್ಳಿಗೆ ಬಂದ ಪೊಲೀಸರನ್ನು ಜನ ಸುತ್ತುವರಿದರು. ಬಾಣ ನಾಟಿ ಇನ್‌ಸ್ಪೆಕ್ಟರ್ ಸೋನಮ್ ವಾಂಗ್ಡಿ ಸತ್ತರು. ಮರುದಿನ, ಮೇ 25ರಂದು, ಪ್ರಸಾದುಜೋತ್‌ನಲ್ಲಿ ಸೇರಿದ್ದ ಗುಂಪಿನ ಮೇಲೆ ಪೊಲೀಸರು ಗುಂಡು ಹಾರಿಸಿದರು. 11 ಜನ ಸತ್ತರು. ಹೆಚ್ಚಿನವರು ಹೆಂಗಸರು, ಜೊತೆಗೆ ಹಸುಗೂಸುಗಳು.

ನಮ್ಮ ಸೋಮಾರಿತನ ಈ ಎರಡು ತಾರೀಖುಗಳ ನಡುವೆ ಇದೆ. ಒಂದು ಗುಂಪಿಗೆ 24 ಮಾತ್ರ ಗೊತ್ತು: ಕರ್ತವ್ಯದ ಮೇಲಿದ್ದ ಅಧಿಕಾರಿಯನ್ನು ಕೊಂದರು, ಕೊಲೆಗಡುಕರು, ಕಥೆ ಮುಗಿಯಿತು. ಇನ್ನೊಂದು ಗುಂಪಿನ ಭಾಷಣದಲ್ಲಿ, ಪೋಸ್ಟರಿನಲ್ಲಿ, ವಾರ್ಷಿಕ ಸ್ಮರಣೆಯಲ್ಲಿ 25 ಮಾತ್ರ ಇರುತ್ತದೆ. ವಾಂಗ್ಡಿ ಎಂಬ ಹೆಸರನ್ನೇ ಕೇಳದೆ ಇಪ್ಪತ್ತು ವರ್ಷ ಕ್ರಾಂತಿಯ ಬಗ್ಗೆ ಮಾತಾಡಿದವರನ್ನು ನಾನು ಬಲ್ಲೆ. ಹನ್ನೊಂದು ಹೆಣಗಳ ಬಗ್ಗೆ ಒಂದು ಸಾಲೂ ಓದದೆ ದೇಶಭಕ್ತಿಯ ಪಾಠ ಹೇಳುವವರನ್ನಂತೂ ನೀವೂ ಬಲ್ಲಿರಿ. ಬೇಕಾದ ದಿನವನ್ನು ಇಟ್ಟುಕೊಂಡು ಬೇಡದ ದಿನವನ್ನು ಎಸೆಯಲು ನಕ್ಸಲ ಎಂಬ ಅಡ್ಡಹೆಸರು ಇಬ್ಬರಿಗೂ ಸಲೀಸಾಗಿ ಒದಗಿಬಂದಿದೆ.

ಅಡ್ಡಹೆಸರು ಅನ್ನುವುದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಚಳವಳಿಯವರು ತಮ್ಮನ್ನು ತಾವು ಕರೆದುಕೊಂಡದ್ದು ಹಾಗಲ್ಲ. ಸಿಪಿಎಂನಿಂದ ಹೊರಬಿದ್ದವರು ‘ಕಮ್ಯುನಿಸ್ಟ್ ಕ್ರಾಂತಿಕಾರಿಗಳು’ ಎಂದುಕೊಂಡರು, ಆ ಹೆಸರಿನಲ್ಲೇ ದೇಶಮಟ್ಟದ ಸಮನ್ವಯ ಸಮಿತಿ ಮಾಡಿಕೊಂಡರು. 1969ರ ಏಪ್ರಿಲ್ 22ರಂದು, ಲೆನಿನ್ ಹುಟ್ಟಿದ ದಿನ, ಕಟ್ಟಿದ ಪಕ್ಷದ ಹೆಸರು ಸಿಪಿಐ (ಎಂಎಲ್). ಮೇ ದಿನದಂದು ಕಲ್ಕತ್ತೆಯ ಮೈದಾನದಲ್ಲಿ ಅದನ್ನು ಸಾರಿದವರು ಕಾನು ಸನ್ಯಾಲ್. ನಕ್ಸಲೈಟ್ ಎಂಬುದು ಪತ್ರಿಕೆಗಳ, ಪೊಲೀಸರ, ಎದುರಾಳಿಗಳ ಬಾಯಲ್ಲಿ ಬೆಳೆದ ಹೆಸರು. ಊರಿನ ಹೆಸರಿಗೆ ಇಂಗ್ಲಿಷಿನ ಬಾಲ ಅಂಟಿಸಿದರು, ನಾವು ಆ ಬಾಲ ಕಿತ್ತು ಕನ್ನಡದ್ದನ್ನು ಅಂಟಿಸಿ ನಕ್ಸಲೀಯ ಎಂದೆವು. ಪೀಕಿಂಗಿನ ಪೀಪಲ್ಸ್ ಡೈಲಿ 1967ರ ಜುಲೈ 5ರಂದು ಇದನ್ನು ಭಾರತದ ಮೇಲಿನ ವಸಂತದ ಗುಡುಗು ಎಂದು ಕೊಂಡಾಡಿದ ಮೇಲಂತೂ ದಿಲ್ಲಿಯ ಪತ್ರಿಕೆಗಳು ಹೆಸರನ್ನು ಬಿಡಲೇ ಇಲ್ಲ. ರಾಜಕೀಯದಲ್ಲಿ ಇದು ಹೊಸತಲ್ಲ. ಇಂಗ್ಲೆಂಡಿನ ಟೋರಿಗಳಿಗೆ ಆ ಹೆಸರು ಬಂದದ್ದು ಐರ್ಲೆಂಡಿನ ದಾರಿಗಳ್ಳರಿಂದ. ಮತದ ಹಕ್ಕು ಕೇಳಿದ ಹೆಂಗಸರನ್ನು ಸಫ್ರಜೆಟ್ ಎಂದು 1906ರಲ್ಲಿ ಲೇವಡಿ ಮಾಡಿದ್ದು ಡೈಲಿ ಮೇಲ್ ಪತ್ರಿಕೆ. ಎರಡೂ ಕಡೆಯವರು ಬೈಗುಳವನ್ನೇ ಎತ್ತಿಕೊಂಡು ಎದೆಗೆ ಚುಚ್ಚಿಕೊಂಡರು. ನಕ್ಸಲ್‌ಬಾರಿಯ ವಿಷಯದಲ್ಲಿ ವ್ಯತ್ಯಾಸ ಇಷ್ಟೇ: ಇಲ್ಲಿ ಹೆಸರು ಒಂದು ಊರಿನದು. ಆ ಊರಿನವರನ್ನು ಯಾರೂ ಕೇಳಲಿಲ್ಲ. ನೌಕರಿಗೆ ಅರ್ಜಿ ಹಾಕುವಾಗ, ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಬರೆಯುವಾಗ, ಅಲ್ಲಿನ ಮಕ್ಕಳು ಬರೆಯಬೇಕಾದದ್ದು ದೇಶದ ಅರ್ಧ ಜನ ಬೈಗುಳ ಎಂದುಕೊಂಡಿರುವ ಮಾತನ್ನು.

ಹೆಸರು ಒಂದೇ, ಅದರ ಕೆಳಗೆ ನಿಂತವರು ಒಂದೇ ಅಲ್ಲ. ಇದನ್ನು ತಿಳಿಯದೆ ಮಾತಾಡುವುದು ಎರಡನೆಯ ಸೋಮಾರಿತನ. 1972ರ ಜುಲೈನಲ್ಲಿ ಪಕ್ಷದ ನಾಯಕ ಚಾರು ಮಜುಂದಾರ್ ಸೆರೆಸಿಕ್ಕು ಹನ್ನೆರಡೇ ದಿನದಲ್ಲಿ ಕಸ್ಟಡಿಯಲ್ಲೇ ತೀರಿಕೊಂಡರು. ಅಷ್ಟರಲ್ಲಾಗಲೇ ಪಕ್ಷ ಹರಿದು ಹಂಚಿಹೋಗಿತ್ತು. ಆಂಧ್ರದಲ್ಲಿ ಕೊಂಡಪಲ್ಲಿ ಸೀತಾರಾಮಯ್ಯ 1980ರಲ್ಲಿ ಪೀಪಲ್ಸ್ ವಾರ್ ಕಟ್ಟಿದರು. ಅದು ಬಿಹಾರ ಕಡೆಯ ಎಂಸಿಸಿಐ ಜೊತೆ ಸೇರಿ 2004ರಲ್ಲಿ ಸಿಪಿಐ (ಮಾವೋವಾದಿ) ಆಯಿತು, 2009ರಲ್ಲಿ ಕೇಂದ್ರ ಅದನ್ನು ನಿಷೇಧಿಸಿತು. ಅದೇ ಬೇರಿನ ಇನ್ನೊಂದು ಕವಲು, ಸಿಪಿಐ (ಎಂಎಲ್) ಲಿಬರೇಷನ್, ಬಂದೂಕು ಬಿಟ್ಟು ಚುನಾವಣೆಗೆ ನಿಂತಿತು. 2024ರಲ್ಲಿ ಬಿಹಾರದ ಆರಾ ಮತ್ತು ಕಾರಾಕಾಟ್‌ನಿಂದ ಅದರ ಇಬ್ಬರು ಲೋಕಸಭೆಗೆ ಗೆದ್ದುಹೋದರು. ಕಾನು ಸನ್ಯಾಲ್ ಅವರೋ, ವರ್ಗಶತ್ರುಗಳನ್ನು ಒಬ್ಬೊಬ್ಬರಾಗಿ ಕೊಲ್ಲುವ ದಾರಿ ತಪ್ಪು ಎಂದು ದಶಕಗಳ ಕಾಲ ಹೇಳುತ್ತಲೇ ಇದ್ದು, ಸೆಫ್ತುಲ್ಲಾಜೋತ್‌ನ ಪುಟ್ಟ ಮನೆಯಲ್ಲಿ 2010ರ ಮಾರ್ಚ್ 23ರಂದು ತಮ್ಮ ಜೀವ ತಾವೇ ತೆಗೆದುಕೊಂಡರು. ಸಂಸದನೂ ನಕ್ಸಲ, ಅಬೂಜ್‌ಮಾಡ್ ಕಾಡಿನ ಬಂದೂಕುಧಾರಿಯೂ ನಕ್ಸಲ, ಸಂಬಳ ಕೇಳಿದ ನೆರೆಯವನೂ ನಕ್ಸಲ ಎಂದಾದರೆ ಆ ಮಾತು ಯಾರನ್ನೂ ಗುರುತಿಸುವುದಿಲ್ಲ. ಗುರುತಿಸುವುದು ನಮಗೆ ಬೇಕಾಗಿಯೂ ಇಲ್ಲ.

ಈಗ ನಮ್ಮ ಕಡೆಯವರ ಮಾತಿಗೆ ಬರುತ್ತೇನೆ. ನಮ್ಮ ಕಡೆಯವರು ಅಂದರೆ ಪುಸ್ತಕ ಓದಿ, ವಿಚಾರ ಸಂಕಿರಣಕ್ಕೆ ಹೋಗಿ, ಮನೆಗೆ ಬಂದು ಬಿಸಿ ಊಟ ಮಾಡಿ ಮಲಗುವವರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಬೇಡ ಎಂಬ ಗಾದೆ ಇವರಿಗಾಗಿಯೇ ಹುಟ್ಟಿದ್ದು. 1970ರ ಕಲ್ಕತ್ತೆಯಲ್ಲಿ ‘ಖತಂ’ ಎಂಬುದು ಪಕ್ಷದ ನೀತಿಯಾಗಿತ್ತು. ಕಾಲೇಜು ಹುಡುಗರು ಈಶ್ವರಚಂದ್ರ ವಿದ್ಯಾಸಾಗರರ ಪ್ರತಿಮೆಯ ತಲೆ ಕಡಿದರು, ರಸ್ತೆಯಲ್ಲಿ ವಾಹನ ನಿಯಂತ್ರಿಸುತ್ತಿದ್ದ ಕಾನ್‌ಸ್ಟೆಬಲ್‌ಗಳನ್ನು ಇರಿದರು. ಜಾದವ್‌ಪುರ ವಿಶ್ವವಿದ್ಯಾಲಯದ ಕುಲಪತಿ ಗೋಪಾಲ್ ಸೇನ್ ಅವರನ್ನು ಡಿಸೆಂಬರ್ 30ರ ಸಂಜೆ ಕ್ಯಾಂಪಸ್ಸಿನಲ್ಲೇ ಕೊಂದರು. ನಿವೃತ್ತಿಗೆ ಒಂದೇ ದಿನ ಬಾಕಿ ಇತ್ತು. ಅವರು ಯಾವ ಜೋತಿನ ಜೋತೆದಾರ? ಮುಂದಿನ ಆಗಸ್ಟಿನಲ್ಲಿ ಕಾಶಿಪುರ–ಬಾರಾನಗರದಲ್ಲಿ ಹುಡುಗರನ್ನು ಮನೆಯಿಂದ ಎಳೆದು ಕೊಂದ ಹತ್ಯಾಕಾಂಡ ನಡೆಯಿತು. ಅದು ಇನ್ನೂ ಹೇಯ. ಆದರೆ ಎರಡನೆಯದನ್ನು ಹೇಳಿ ಮೊದಲನೆಯದನ್ನು ನುಂಗುವ ಚಾಳಿ ಯಾಕೆ?

ನಮ್ಮಲ್ಲೂ ಹಾಗೇ. 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರಿನ ಕಾಡಿನಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದಾಗ ಕಂಬನಿ ಮಿಡಿದವರು ಬಹಳ ಮಂದಿ. ಕರ್ನಾಟಕದ ಚರಿತ್ರೆಯನ್ನು ‘ಮೇಕಿಂಗ್ ಹಿಸ್ಟರಿ’ ಎಂದು ಸಾಕಿ ಹೆಸರಿನಲ್ಲಿ ಬರೆದ ಮನುಷ್ಯ ಅವರು, ದುಃಖ ಸಹಜ. ಅದೇ ವಾರ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ರಾತ್ರಿ ದಾಳಿ ನಡೆಯಿತು. ಸತ್ತ ಪೇದೆಗಳು ಯಾವ ಎಸ್ಟೇಟಿನ ಮಾಲೀಕರೂ ಆಗಿರಲಿಲ್ಲ. ಎರಡು ಎಕರೆ ಒಣಭೂಮಿಯ ಮನೆಗಳಿಂದ ಸಂಬಳಕ್ಕೆ ಬಂದವರು ಪೇದೆಗಳಾಗುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. 2010ರ ಏಪ್ರಿಲ್ 6ರಂದು ದಂತೇವಾಡದ ತಾಡ್ಮೆಟ್ಲದಲ್ಲಿ ಮಾವೋವಾದಿಗಳ ದಾಳಿಗೆ ಒಂದೇ ಬೆಳಗ್ಗೆ ಸತ್ತ 76 ಜವಾನರ ಮನೆಗಳ ಪಟ್ಟಿ ತೆಗೆದರೂ ಅದೇ ಬಡತನ ಕಾಣುತ್ತದೆ. ಇದಕ್ಕೆ ‘ವ್ಯವಸ್ಥೆಯ ಹಿಂಸೆ’ ಎಂಬ ಸಿದ್ಧ ಉತ್ತರ ಇಟ್ಟುಕೊಂಡು ಓಡಾಡುವುದು ವಿಚಾರವಂತಿಕೆಯಲ್ಲ. ಟೀಶರ್ಟಿನ ಮೇಲೆ ಬಂದೂಕಿನ ಚಿತ್ರ ಹಾಕಿಕೊಂಡು ಕಬ್ಬನ್ ಪಾರ್ಕಿನಲ್ಲಿ ತಿರುಗುವುದಕ್ಕೆ ಏನೂ ಖರ್ಚಾಗುವುದಿಲ್ಲ. ಖರ್ಚಾಗುವುದು ಕಾಡಂಚಿನ ಕುತ್ಲೂರಿನಲ್ಲಿ, ನಾಡ್ಪಾಲಿನಲ್ಲಿ.

ಕುತ್ಲೂರು ಎಂದೆ. ಬೆಳ್ತಂಗಡಿ ತಾಲ್ಲೂಕಿನ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಊರು. ಮಲೆಕುಡಿಯರ ಒಂದು ಮನೆಯ ಹುಡುಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. 2012ರ ಮಾರ್ಚಿನಲ್ಲಿ ಅವನನ್ನೂ ಅವನ ತಂದೆಯನ್ನೂ ನಕ್ಸಲರ ನೆರವಿಗರೆಂದು ಬಂಧಿಸಿದರು. ರಾಜದ್ರೋಹ, ಯುಎಪಿಎ. ಹಾಸ್ಟೆಲಿನ ಕೋಣೆಯಿಂದ ವಶಪಡಿಸಿಕೊಂಡ ಸಾಕ್ಷ್ಯಗಳಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕ ಇತ್ತು, ಪತ್ರಿಕೆಯ ಕತ್ತರಿಕೆಗಳಿದ್ದವು, ಊರಿಗೆ ಮೂಲಸೌಕರ್ಯ ಕೊಡುವವರೆಗೆ ಮತ ಹಾಕುವುದಿಲ್ಲ ಎಂಬ ಅರ್ಥದ ಪತ್ರ ಇತ್ತು. ಪತ್ರಿಕೋದ್ಯಮದ ವಿದ್ಯಾರ್ಥಿಯ ಬಳಿ ಪತ್ರಿಕೆಯ ಕತ್ತರಿಕೆ ಸಿಕ್ಕಿದ್ದು ಸಾಕ್ಷ್ಯ! ತಿಂಗಳುಗಟ್ಟಲೆ ಜೈಲು, ನಂತರ ಜಾಮೀನು, ನಂತರ ವರ್ಷಗಟ್ಟಲೆ ವಾಯಿದೆ. 2021ರ ಅಕ್ಟೋಬರಿನಲ್ಲಿ ದಕ್ಷಿಣ ಕನ್ನಡದ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಭಗತ್ ಸಿಂಗ್ ಪುಸ್ತಕ ಓದುವುದಕ್ಕೆ, ಪತ್ರಿಕೆ ಓದುವುದಕ್ಕೆ ಕಾನೂನಿನಲ್ಲಿ ನಿಷೇಧ ಇಲ್ಲ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆಯಬೇಕಾಗಿ ಬಂತು. ಒಂಬತ್ತು ವರ್ಷ ಹಿಡಿಯಿತು ಈ ಸತ್ಯವನ್ನು ಪತ್ತೆ ಮಾಡಲು.

ಬಂಧನದ ದಿನ ಮುಖಪುಟಕ್ಕೆ ಓಡಿದವರು ಖುಲಾಸೆಯ ದಿನ ಎಲ್ಲಿ ಹೋಗಿದ್ದರು? ನಮ್ಮ ಪತ್ರಿಕೆಗಳ ಡೆಸ್ಕಿನಲ್ಲಿ ಇದಕ್ಕೆ ಒಂದು ಪದಕೋಶವೇ ಇದೆ. ‘ನಕ್ಸಲ್ ನಂಟು’, ‘ಶಂಕಿತ ನಕ್ಸಲ’, ‘ನಕ್ಸಲ್ ಬೆಂಬಲಿಗ’, ‘ನಕ್ಸಲ್ ಕರಪತ್ರ ಪತ್ತೆ’. ನಂಟು ಎಂಬ ಪದ ಶೀರ್ಷಿಕೆಗೆ ಹೇಳಿ ಮಾಡಿಸಿದ್ದು. ಎರಡೇ ಅಕ್ಷರ, ಕಾಲಮ್ಮಿನಲ್ಲಿ ಸುಲಭವಾಗಿ ಕೂರುತ್ತದೆ, ಯಾವುದನ್ನೂ ರುಜುವಾತು ಮಾಡಬೇಕಿಲ್ಲ. ನಂಟು ಇತ್ತು ಅಂದರೆ ಏನು ಇತ್ತು? ಊಟ ಹಾಕಿದ್ದನೇ? ಬಂದೂಕು ತೋರಿಸಿ ಅನ್ನ ಕೇಳಿದರೆ ಕಾಡಂಚಿನ ಒಂಟಿಮನೆಯವನು ಹಾಕದೆ ಏನು ಮಾಡುತ್ತಾನೆ? ಮರುದಿನ ಪೊಲೀಸರು ಬಂದು ಅನ್ನ ಹಾಕಿದೆಯಾ ಎಂದು ಕೇಳಿದರೆ ಏನು ಹೇಳುತ್ತಾನೆ? ಈ ಪ್ರಶ್ನೆ ಕೇಳುವ ವ್ಯವಧಾನ ಇಲ್ಲದ ವರದಿಗಾರ, ಠಾಣೆಯ ಪತ್ರಿಕಾ ಟಿಪ್ಪಣಿಗೆ ತನ್ನ ಹೆಸರು ಹಾಕಿ ಕಳಿಸುತ್ತಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಓದುಗರಿದ್ದಾರೆ, ಸಂಪಾದಕರಿಗೆ ಚಿಂತೆಯಿಲ್ಲ.

ಕಾನೂನಿನ ಹೊತ್ತಿಗೆಯಲ್ಲಿ ನಕ್ಸಲ ಎಂಬ ಅಪರಾಧ ಇಲ್ಲ. ನಿಷೇಧಿತ ಸಂಘಟನೆಯ ಸದಸ್ಯನಾಗುವುದು ಅಪರಾಧ, ಕೊಲೆ ಅಪರಾಧ, ಸುಲಿಗೆ ಅಪರಾಧ. ಗೃಹ ಸಚಿವಾಲಯ ತನ್ನ ಕಡತಗಳಲ್ಲಿ ಎಡಪಂಥೀಯ ಉಗ್ರವಾದ ಎಂದು ಬರೆಯುತ್ತದೆ. ಮಾವೋವಾದಿ ವಿಚಾರ ಇಟ್ಟುಕೊಂಡ ಮಾತ್ರಕ್ಕೆ ಒಬ್ಬನನ್ನು ಹಿಡಿದಿಡುವಂತಿಲ್ಲ ಎಂದು ಕೇರಳ ಹೈಕೋರ್ಟು 2015ರಲ್ಲಿ ಹೇಳಿತು. ಆದರೆ ನ್ಯಾಯಾಲಯ ಏನೇ ಹೇಳಲಿ, ಟೀವಿ ಚರ್ಚೆಗೆ ‘ಅರ್ಬನ್ ನಕ್ಸಲ್’ ಸಿಕ್ಕಿಬಿಟ್ಟಿತ್ತು. 2018ರಲ್ಲಿ ಚಿತ್ರನಿರ್ದೇಶಕ ವಿವೇಕ್ ಅಗ್ನಿಹೋತ್ರಿಯ ಪುಸ್ತಕದ ಹೆಸರಾಗಿ ಬಂದದ್ದು ಕೆಲವೇ ತಿಂಗಳಲ್ಲಿ ಮಂತ್ರಿಗಳ ಬಾಯಿಗೆ ಬಂತು. ಆ ವರ್ಷದ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಗೆ ವರ್ಷ ತುಂಬಿದ ಸಭೆಗೆ ಗಿರೀಶ ಕಾರ್ನಾಡರು ಬಂದರು. ಮೂಗಿನಲ್ಲಿ ಆಮ್ಲಜನಕದ ನಳಿಕೆ, ಕೊರಳಲ್ಲಿ ‘ನಾನೂ ಅರ್ಬನ್ ನಕ್ಸಲ್’ ಎಂಬ ಫಲಕ. ಎಂಬತ್ತು ದಾಟಿದ, ಉಸಿರಾಡಲು ಯಂತ್ರ ಬೇಕಾದ ನಾಟಕಕಾರನ ಮೇಲೆ ಅದಕ್ಕಾಗಿ ಪೊಲೀಸರಿಗೆ ದೂರು ಕೊಟ್ಟವರೂ ನಮ್ಮ ಬೆಂಗಳೂರಿನಲ್ಲೇ ಇದ್ದರು. ಕಾರ್ನಾಡರು ಮಾಡಿದ್ದು ವ್ಯಂಗ್ಯ. ವ್ಯಂಗ್ಯವನ್ನು ತಪ್ಪೊಪ್ಪಿಗೆ ಎಂದು ಓದಿದ ಊರಿನಲ್ಲಿ ನಾಟಕ ಆಡುವುದು ಹೇಗೆ ಎಂದು ನನಗೆ ಆಗ ಅನ್ನಿಸಿತ್ತು. ಹಿಂದೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ವರ್ಷಗಟ್ಟಲೆ ನಡೆಸಿ, ಮುಂದೆ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿದ ಪಾದ್ರಿ ಸ್ಟ್ಯಾನ್ ಸ್ವಾಮಿ ಇದೇ ಹಣೆಪಟ್ಟಿಯಲ್ಲಿ ಜೈಲಿಗೆ ಹೋದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ನೀರು ಕುಡಿಯಲು ನಳಿಕೆಯ ಲೋಟಕ್ಕಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ಸತ್ತಾಗ ವಿಚಾರಣೆ ಇನ್ನೂ ಆರಂಭವೇ ಆಗಿರಲಿಲ್ಲ. ಆಗ ಅಯ್ಯೋ ಅಂದವರು ಮರುದಿನ ಅದೇ ಹಣೆಪಟ್ಟಿಯನ್ನು ಇನ್ನೊಬ್ಬರಿಗೆ ಹಚ್ಚಿದರು.

ಸರ್ಕಾರಗಳಿಗಂತೂ ಈ ಹೆಸರು ಅನುಕೂಲಕ್ಕೆ ಬಿದ್ದಿದೆ. ಮಲೆನಾಡಿನ ಹಳ್ಳಿಗೆ ರಸ್ತೆ ಬೇಕು, ಕಿರುಸೇತುವೆ ಬೇಕು ಎಂದು ಮೂರು ತಲೆಮಾರು ಅರ್ಜಿ ಹಾಕಿದರೂ ಕಡತ ಏಳಲಿಲ್ಲ. ‘ನಕ್ಸಲ್ ಪೀಡಿತ’ ಎಂಬ ಮುದ್ರೆ ಬಿದ್ದ ಮೇಲೆ ಪ್ಯಾಕೇಜ್ ಬಂತು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಬಾಣಂತಿಯನ್ನು ಹೊತ್ತು ನಡೆದವರ ಪೀಡೆ ಯಾವ ಇಲಾಖೆಯ ವ್ಯಾಖ್ಯೆಗೂ ಸಿಕ್ಕಿರಲಿಲ್ಲ. ಕಾಡಿನಲ್ಲಿ ನಾಲ್ಕು ಜನ ಬಂದೂಕು ಹಿಡಿದು ನಡೆದಾಡಿದರೆ ಮಾತ್ರ ಜಿಲ್ಲಾಧಿಕಾರಿಯ ಜೀಪು ಬರುತ್ತದೆ ಎಂಬುದನ್ನು ಜನರಿಗೆ ಕಲಿಸಿಕೊಟ್ಟವರು ಯಾರು? ಮಾವೋ ಅಲ್ಲ.

ಶಾಲೆ ಕಾಲೇಜುಗಳೂ ಕಡಿಮೆಯಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಯಾವುದೇ ಗೈಡು ತೆಗೆಯಿರಿ. ನಕ್ಸಲ್‌ಬಾರಿ ಯಾವ ರಾಜ್ಯದಲ್ಲಿದೆ, ಚಳವಳಿಯ ಪ್ರಮುಖ ನಾಯಕ ಯಾರು, ಯಾವ ವರ್ಷ ಆರಂಭ: ಮೂರು ಪ್ರಶ್ನೆ, ನಾಲ್ಕು ನಾಲ್ಕು ಆಯ್ಕೆ, ವೃತ್ತ ತುಂಬಿದರೆ ಮುಗಿಯಿತು. ಅಧಿಯಾರ ಅಂದರೆ ಯಾರು, ಬೆಳೆಯಲ್ಲಿ ಅವನ ಪಾಲೆಷ್ಟು, ಗೆದ್ದ ಮೊಕದ್ದಮೆಯ ಕಾಗದ ಯಾಕೆ ಕೆಲಸಕ್ಕೆ ಬರಲಿಲ್ಲ ಎಂದು ಯಾವ ಗೈಡೂ ಕೇಳುವುದಿಲ್ಲ. ಹೀಗೆ ವೃತ್ತ ತುಂಬಿ ಪಾಸಾದ ಹುಡುಗನೇ ನಾಳೆ ತಹಶೀಲ್ದಾರ್ ಆಗಿ ಬಗರ್‌ಹುಕುಂ ಅರ್ಜಿಯ ಮುಂದೆ ಕೂರುತ್ತಾನೆ.

ಕನ್ನಡಿಗರಿಗಂತೂ ಇದು ಗೊತ್ತಿಲ್ಲ ಅನ್ನುವ ನೆಪ ಇಲ್ಲ. ನಕ್ಸಲ್‌ಬಾರಿಗೆ ಹದಿನಾರು ವರ್ಷ ಮೊದಲು, 1951ರಲ್ಲಿ, ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಜಗಳವೇ ಅಲ್ಲಿ ಕಿಡಿ. ಗಣಪತಿಯಪ್ಪ ಸಂಘಟಿಸಿದರು, ಸಮಾಜವಾದಿ ನಾಯಕ ಗೋಪಾಲಗೌಡರು ಬಂದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಲಕ್ಷಾಂತರ ಗೇಣಿದಾರರು ಹೊಲದೊಡೆಯರಾದರು. ಬಂಗಾಳವೂ ಸುಮ್ಮನಿರಲಿಲ್ಲ. ಎಡರಂಗ ಬಂದ ಮೇಲೆ 1978ರಲ್ಲಿ ಆಪರೇಷನ್ ಬರ್ಗಾ ಎಂದು ಪಾಲುಗಾರರ ಹೆಸರನ್ನು ದಾಖಲೆಗೆ ಸೇರಿಸಿದರು. ಅಂದರೆ ನಕ್ಸಲ್‌ಬಾರಿಯ ಪ್ರಶ್ನೆಗೆ ಉತ್ತರ ಕೊಡಲು ಸರ್ಕಾರಗಳಿಗೆ ಬರುತ್ತಿತ್ತು. ನಮ್ಮಲ್ಲಿ ಅರಸರ ಹೆಸರು ಹೇಳಿ ಹಾರ ಹಾಕುವವರಿಗೆ ಕಮ್ಮಿಯಿಲ್ಲ. ಗೇಣಿದಾರನಾಗಿ ಭೂಮಿ ಪಡೆದ ಮನೆಯ ಮೊಮ್ಮಗ ಇಂದು ಎಂಜಿನಿಯರ್. ಕಾಡಿನ ಮಲೆಕುಡಿಯ ಹಕ್ಕುಪತ್ರ ಕೇಳಿದರೆ ಮೊದಲು ‘ನಕ್ಸಲ್’ ಎಂದು ಟೈಪಿಸುವುದು ಎಷ್ಟೋ ಸಲ ಆ ಮೊಮ್ಮಗನೇ. ಅಜ್ಜ ಟ್ರಿಬ್ಯೂನಲ್ ಮುಂದೆ ಕೈಕಟ್ಟಿ ನಿಂತು ಡಿಕ್ಲರೇಷನ್ ಫಾರಂ ಕೊಟ್ಟದ್ದು ಅವನಿಗೆ ಯಾರೂ ಹೇಳಿಲ್ಲ. ಅವನು ಕೇಳಿಲ್ಲ ಕೂಡ.

ಆ ಊರಿನ ಮೇಲೆ ರಾಜಕಾರಣಿಗಳ ಕಣ್ಣು ಆಗಾಗ ಬೀಳುವುದುಂಟು. 2017ರ ಏಪ್ರಿಲಿನಲ್ಲಿ ಬಿಜೆಪಿಯ ಅಮಿತ್ ಶಾ ನಕ್ಸಲ್‌ಬಾರಿಗೆ ಹೋಗಿ ಬಡ ಆದಿವಾಸಿ ದಂಪತಿಯ ಮನೆಯಲ್ಲಿ ನೆಲದ ಮೇಲೆ ಕೂತು ಉಂಡರು. ಕ್ಯಾಮೆರಾಗಳು ಬಂದವು. ಕೆಲವೇ ದಿನಗಳಲ್ಲಿ ಅದೇ ದಂಪತಿ ತೃಣಮೂಲ ಕಾಂಗ್ರೆಸ್ ಸೇರಿದರು. ಮತ್ತೆ ಕ್ಯಾಮೆರಾಗಳು ಬಂದವು. ಎರಡು ಪಕ್ಷಗಳ ನಡುವೆ ಆ ಮನೆಯ ಜಮೀನಿನ ಸಂಗತಿ ಏನೆಂದು ಯಾವ ಕ್ಯಾಮೆರಾವೂ ಕೇಳಿದಂತಿಲ್ಲ.

ನಮ್ಮ ರಾಜ್ಯದಲ್ಲಿ ಈಗ ಕಾಡು ಖಾಲಿ. 2024ರ ನವೆಂಬರಿನಲ್ಲಿ ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ನಕ್ಸಲ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತ. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಗೃಹಕಚೇರಿಯಲ್ಲಿ ಶರಣಾದರು, ಮುಂದಿನ ತಿಂಗಳು ಉಳಿದಿಬ್ಬರು. ಕರ್ನಾಟಕ ನಕ್ಸಲ್‌ಮುಕ್ತ ಎಂದು ಸಾರಲಾಯಿತು. ಆರು ಮಂದಿ ಶರಣಾದ ವಾರವಿಡೀ ಟೀವಿಯಲ್ಲಿ ನಡೆದ ಚರ್ಚೆ ಏನು? ಬಂದೂಕು ಯಾಕೆ ತರಲಿಲ್ಲ, ಎಲ್ಲಿ ಬಚ್ಚಿಟ್ಟಿದ್ದಾರೆ, ಸರ್ಕಾರ ಎಷ್ಟು ದುಡ್ಡು ಕೊಡುತ್ತದೆ, ಶರಣಾಗತಿಯೋ ಸನ್ಮಾನವೋ. ಬಂದೂಕು ಎಲ್ಲಿ ಎಂದು ಕೇಳಿದ್ದು ಸರಿಯೇ, ಕೇಳಲೇಬೇಕು. ಅವು ಎರಡೇ ದಿನದಲ್ಲಿ ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ ಸಿಕ್ಕವು ಕೂಡ. ಬಂದವರು ಒಂದು ಬೇಡಿಕೆ ಪಟ್ಟಿಯನ್ನೂ ತಂದಿದ್ದರು. ಮಲೆನಾಡಿನ ಜನರ ಭೂಮಿ, ಕಾಡು, ಒಕ್ಕಲೆಬ್ಬಿಸುವಿಕೆಯ ಮಾತು ಅದರಲ್ಲಿತ್ತು. ಅದನ್ನು ಓದಿ ಹೇಳಿದ ನಿರೂಪಕ ನನ್ನ ಕಣ್ಣಿಗೆ ಬೀಳಲಿಲ್ಲ. ಅದರಲ್ಲಿ ಇದ್ದದ್ದು ಕ್ರಾಂತಿಯ ಮಾತೇನಲ್ಲ, ಸಂಸತ್ತೇ 2006ರಲ್ಲಿ ಮಾಡಿದ ಅರಣ್ಯ ಹಕ್ಕು ಕಾಯ್ದೆ ಬಗೆಹರಿಸಬೇಕಾಗಿದ್ದ ತಕರಾರುಗಳು. ಆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಸಲ್ಲಿಸಿದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕಾರವಾಗಿವೆ. ಎಪ್ಪತ್ತೈದು ವರ್ಷದ ವಾಸಕ್ಕೆ ದಾಖಲೆ ಇಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ನಕ್ಸಲರು ಹೋದರು, ತಿರಸ್ಕೃತ ಅರ್ಜಿಗಳ ಕಟ್ಟು ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಹಾಗೇ ಇದೆ. ಅದನ್ನು ಬಿಚ್ಚಿ ಎಂದು ಕೇಳಲು ಯಾರಾದರೂ ಮಲೆನಾಡಿನಿಂದ ಬಂದರೆ ಅವರನ್ನು ಏನೆಂದು ಕರೆಯಬೇಕೆಂಬುದು ಮಾತ್ರ ನಮ್ಮ ಬಾಯಲ್ಲಿ ಸಿದ್ಧವಾಗಿದೆ.